ಕ್ರಿಸ್ಮಸ್ ಹಾಡಿನ ಮೂರನೆಯ ಸಾಲು

ನೊಣವಿನಕೆರೆ
೨೯-೧೨-೧೯೯೮

ಚಿಕ್ಕನಾಯಕನಹಳ್ಳಿಯ ದೊಡ್ಡ ಗಾಯಕರಿಗೆ,

ನಿಮ್ಮ ವನಜಾಕ್ಷಿಯ ನಮಸ್ಕಾರ. 'ನಿಮ್ಮ' ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಇಂಕು, ಅಳಿಸಲು ಬರುವುದಿಲ್ಲ.

ಕಾರ್ಡು ನಿನ್ನೆ ಬಂತು. ಒಂಬತ್ತು ತಿಂಗಳ ಮೌನಕ್ಕೆ ಎಂಟು ಸಾಲು. ಮೊದಲ ಏಳರಲ್ಲಿ, ಜನವರಿ ಹತ್ತಕ್ಕೆ ತುರುವೇಕೆರೆಯಲ್ಲಿ ನಿಮ್ಮ ಕಚೇರಿ, ಪಕ್ಕವಾದ್ಯಕ್ಕೆ ನಾನೇ ಬರಬೇಕು, ಬಂದವಳು ಹಾಗೇ ಮನೆಗೂ ಬರಬಹುದು ಎಂಬ ಅಪ್ಪಣೆ. ಎಂಟನೆಯದರಲ್ಲಿ, ಚರ್ಚಿನಲ್ಲಿ ನುಡಿಸಿದೆಯಂತೆ, ಹೇಗಾಯಿತು ಎಂಬ ವಿಚಾರಣೆ. ಏಳು ಸಾಲಿಗೆ ಏನು ಉತ್ತರವೋ ನನಗೇ ಗೊತ್ತಿಲ್ಲ. ಎಂಟನೆಯದಕ್ಕೆ ಬೇಕಾದಷ್ಟಿದೆ.

ತಿಪಟೂರಿನ ಚರ್ಚಿಗೆ ಮಂಗಳೂರಿನ ಕಡೆಯಿಂದ ಹೊಸ ಫಾದರ್ ಬಂದಿದ್ದಾರೆ. ಎದೆಯೆತ್ತರದ ಪಿಟೀಲೊಂದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಅದರ ಹೆಸರು ಚೆಲ್ಲೋ. ಏನನ್ನು ಚೆಲ್ಲಬೇಕಂತೆ ಎಂದು ಅಮ್ಮ ಕೇಳಿದಳು. ಹಳೆಯ ಕ್ರಿಸ್ಮಸ್ ಹಾಡುಗಳನ್ನು ಮಾತಿಲ್ಲದೆ, ನಾಲ್ಕೇ ತಂತಿವಾದ್ಯಗಳಲ್ಲಿ ನುಡಿಸಬೇಕೆಂಬುದು ಫಾದರ್ ಆಸೆ. ಪ್ರತಿ ಹಾಡಿಗೂ ನಾಲ್ಕು ಬೇರೆ ಬೇರೆ ಸಾಲು ಕಟ್ಟಿ, ನಮಗಾಗಿ ಸರಿಗಮದಲ್ಲಿ ಬರೆಸಿದ್ದರು. ಮೊದಲನೆಯದು ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸುತ್ತಿದ್ದ ಮುದುಕ ಸದಾಶಿವಯ್ಯನವರಿಗೆ. ಎರಡನೆಯದು ನನ್ನ ಶಿಷ್ಯೆ ಶಶಿಗೆ. ನಾಲ್ಕನೆಯದು ಚೆಲ್ಲೋಗೆ. ಉಳಿದ ಮೂರನೆಯದು ನನಗೆ. ನನ್ನ ಪಿಟೀಲಿಗೆ ದಪ್ಪ ತಂತಿ ಕಟ್ಟಿ, ಇನ್ನು ಮೇಲೆ ಇದು ವಯೋಲಾ ಎಂದರು. ಏನ್ಲಾ, ಬಾರ್ಲಾ, ವಯೋಲಾ. ನಮ್ಮೂರ ಸಲುಗೆ ಸಮುದ್ರದಾಚೆಗೂ ಹೋಗಿದೆ.

ಮನೆಗೆ ತಂದು ನುಡಿಸಿದರೆ, ಪ ಪ ಪ ಮ, ಪ ಪ ಪ ಗ. ಹಾಡು ಹಿಂದಿನ ಪುಟದಲ್ಲಿರಬಹುದೆಂದು ಕಾಗದ ತಿರುಗಿಸಿಯೂ ನೋಡಿದೆ. ಖಾಲಿ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಅಲ್ಲಲ್ಲೇ ಸುತ್ತುತ್ತದಲ್ಲ, ಇದೂ ಒಂದು ಹಾಡೇ ಎಂದಳು ಅಮ್ಮ. ನಮ್ಮ ತೋಟದಲ್ಲಿ ಕುರಿಮಂದೆ ನಿಲ್ಲಿಸಿದ್ದ ಕ್ಯಾತಮ್ಮ ಮಾತ್ರ ಅದರ ಕಥೆ ಕೇಳಿದಳು. ನಡುರಾತ್ರಿ ದನದ ಕೊಟ್ಟಿಗೆಯಲ್ಲಿ ಮಗು ಹುಟ್ಟಿತಂತೆ, ಸುದ್ದಿ ಮೊದಲು ಕುರಿ ಕಾಯುವವರಿಗೆ ತಿಳಿಯಿತಂತೆ ಎಂದೆ. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಅಷ್ಟು ಹೊತ್ತಿನಲ್ಲಿ ಎದ್ದಿರುವವರು ನಾವೇ ತಾನೇ ಎಂದು ಕೋಲು ಎತ್ತಿಕೊಂಡು ಹೋದಳು.

ಮೊದಲ ದಿನ ನಾಲ್ವರೂ ಕೂತು ನುಡಿಸಿದಾಗ ಎರಡು ಆವರ್ತ ಮುಗಿಯುವಷ್ಟರಲ್ಲಿ ಶಶಿ ತನ್ನ ಸಾಲು ಬಿಟ್ಟು ಸದಾಶಿವಯ್ಯನವರ ಹಾಡಿಗೆ ಸರಿದಿದ್ದಳು. ಹಿಂದೆಯೇ ನಾನೂ. ಬೇಕೆಂದು ಮಾಡಿದ್ದಲ್ಲ. ಮುಂದಿನವರು ಎತ್ತ ಹೋದರೆ ಅತ್ತ ನೆರಳಿನಂತೆ ಹೋಗುವುದನ್ನೇ ಇಪ್ಪತ್ತು ವರ್ಷ ಕಲಿತ ಬೆರಳು, ಬೇರೆ ಸ್ವರದಲ್ಲಿ ನಿಲ್ಲು ಅಂದರೆ ನಾಚಿಕೊಳ್ಳುತ್ತದೆ. ಫಾದರ್ ಕಮಾನು ಕೆಳಗಿಟ್ಟು, ಮೂವರೂ ಒಂದೇ ಕೋಣೆಗೆ ನುಗ್ಗಿದರೆ ಉಳಿದ ಮನೆ ಯಾರಿಗೆ ಎಂದರು. ಸದಾಶಿವಯ್ಯನವರು ನಮ್ಮ ಪರ ನಿಂತರು. "ದೊಡ್ಡೋರು ಹೋದ ದಾರಿ ಬುಟ್ಟು ಹೋಗೋದು ನಮ್ಮಲ್ಲಿ ಅಪಚಾರ, ಸ್ವಾಮಿ."

ಫಾದರ್‌ಗೆ ಅದು ಅರ್ಥವಾಗಲಿಲ್ಲ. ನಿಮಗೆ ಆಗುತ್ತದೆ. ಕಿಬ್ಬನಹಳ್ಳಿಯ ರಾಮನವಮಿ ಕಚೇರಿಯಲ್ಲಿ ನಿಮ್ಮ ಸ್ವರಕ್ಕೆ ಉತ್ತರವಾಗಿ ನನ್ನದೇ ಒಂದು ಎಳೆ ನುಡಿಸಿದ್ದೆ. "ಹಿಂದೆ ಬಾರೇ, ಮುಂದೆ ಓಡಬೇಡ" ಎಂದಿರಿ, ಮೈಕಿನಲ್ಲೇ. ಸಭೆ ನಕ್ಕಿತು, ನಾನೂ ನಕ್ಕೆ. ಮಂಗಳ ಮುಗಿಸಿ ಪಿಟೀಲು ಪೆಟ್ಟಿಗೆ ಹಿಡಿದು ಇಲ್ಲಿಗೆ, ತವರಿಗೆ ಬಂದೆ. ಅಮ್ಮನಿಗೆ ಮೊಣಕಾಲು ನೋವು, ಅದಕ್ಕೇ ಬಂದಿದ್ದೇನೆಂದು ಊರಿಗೆಲ್ಲ ಹೇಳಿದ್ದೇನೆ. ಅವಳೂ ಪಾಪ, ನೆನಪಾದಾಗಲೆಲ್ಲ ಕುಂಟುತ್ತಾಳೆ.

ಹಾಡಿಗೆ ಜಾರಬಾರದೆಂದು ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದೆ. ತಾಳವೇ ತಪ್ಪಿತು. ಕೇಳಿಸಿಕೊಳ್ಳಿ, ಆದರೆ ಹೋಗಬೇಡಿ ಎಂದರು ಫಾದರ್. ಅದು ಹೇಗೆ ಸಾಧ್ಯ ಎಂಬ ಕುತೂಹಲಕ್ಕೇ ದಿನಾ ಬಸ್ಸು ಹತ್ತಿದೆ. ಒಂದು ದಿನ ಜೋಗುಳದಂಥ ಹಾಡಿನಲ್ಲಿ ಸದಾಶಿವಯ್ಯನವರು ಮೇಲೇರಿದರು, ಶಶಿ ಇಳಿದಳು, ನಾನು ನನ್ನ ಪಂಚಮದಲ್ಲಿ ನಿಂತೆ. ನಾನು ನಿಂತದ್ದರಿಂದಲೇ ಅವರು ಏರಿದ್ದು ತಿಳಿಯುತ್ತಿತ್ತು. ಪರೀಕ್ಷೆಗೆಂದು ಕಮಾನು ಎತ್ತಿಬಿಟ್ಟೆ. ಹಾಡೇನೋ ಇತ್ತು, ಉಪ್ಪಿಲ್ಲದ ಸಾರಿನ ಹಾಗೆ. ಮತ್ತೆ ನುಡಿಸಿದೆ, ರುಚಿ ಬಂತು. ನಾಲ್ಕು ಸಲ ಹೀಗೇ ಮಾಡಿ ಫಾದರ್ ಕೈಲಿ ಬೈಸಿಕೊಂಡೆ.

ಇಪ್ಪತ್ನಾಲ್ಕರ ಸಂಜೆ ನಾವು ಮೂವರು ಜಮಖಾನದ ಮೇಲೆ, ಫಾದರ್ ಒಬ್ಬರು ಕುರ್ಚಿಯ ಮೇಲೆ. ಚೆಲ್ಲೋ ಚಕ್ಕಳಮಕ್ಕಳ ಕೂರುವುದಿಲ್ಲವಂತೆ. ಐದು ಹಾಡು ನುಡಿಸಿದೆವು. ಯಾರೂ ಜಾರಲಿಲ್ಲ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವ ಕಿವಿ ಅಮ್ಮನದು. ಹೊರಗೆ ಬಂದವಳು ಅದೇ ಗತ್ತಿನಲ್ಲಿ, "ನಿಂದು ಕೇಳ್ತು ಕಣೇ. ಬುಟ್ಕಂಡೈತೆ, ಆದ್ರೂ ಒಳಗೇ ಐತೆ" ಅಂದಳು. ಸ್ವರದ ವಿಷಯವೋ, ನನ್ನ ವಿಷಯವೋ, ಕೇಳಲಿಲ್ಲ.

ತುರುವೇಕೆರೆಯ ಕಚೇರಿಗೆ ಬೇರೆ ಪಿಟೀಲಿನವರು ಸಿಕ್ಕರೆ ಗೊತ್ತುಮಾಡಿಕೊಳ್ಳಿ. ನೆರಳಾಗಿ ಬರುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಆ ಕೆಲಸಕ್ಕೆ ಈಗ ಕೆಟ್ಟುಹೋಗಿದ್ದೇನೆ.

ಪಕ್ಕದಲ್ಲಿಲ್ಲದ ಪಕ್ಕವಾದ್ಯ,
ವನಜಾಕ್ಷಿ

ಲಕೋಟೆ ಅಂಟಿಸುವ ಮುನ್ನ: ಹೇಗಾಯಿತು ಎಂದು ಕೇಳಿದ್ದೀರಿ. ಚಪ್ಪಲಿ ಬಿಡುವ ಬಾಗಿಲ ಹತ್ತಿರ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದವರನ್ನೇ ಕೇಳಿಕೊಳ್ಳಬಹುದಿತ್ತು. ಕಡೆಯ ಹಾಡಿಗೆ ಎಲ್ಲರ ತಲೆಯೂ ಸದಾಶಿವಯ್ಯನವರ ಪಿಟೀಲಿನ ಜೊತೆ ತೂಗುತ್ತಿತ್ತು. ಆ ಟೋಪಿಯೊಂದು ಮಾತ್ರ ನನ್ನ ಸಾಲು ನಿಂತಲ್ಲಿ ನಿಂತು, ಇಳಿದಲ್ಲಿ ಇಳಿಯುತ್ತಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ ತಲೆ, ಟೋಪಿಯೊಳಗಿದ್ದರೂ ಗುರುತು ಸಿಗುತ್ತದೆ. ಹತ್ತನೇ ತಾರೀಖು ಬರುತ್ತೇನೆ. ಮನೆಯ ಮಾತು ಕಚೇರಿ ಆದ ಮೇಲೆ.