ಅವ್ವನ ನಾಡಿ ಎಣಿಸಿದ ದಿನ

ಮಲ್ಲಂದೂರು
೧೩-೧-೧೯೮೧

ಪ್ರೀತಿಯ ಕುಬ್ರಾ,

ಆಲ್ದೂರಿನ ಶಾಲೆಯಲ್ಲಿ ನಿನ್ನ ಡ್ರಿಲ್ ಕ್ಲಾಸುಗಳು ಹೇಗಿವೆ? ನಾನು ಹಬ್ಬದ ರಜೆಗೆ ಊರಿಗೆ ಬಂದಿದ್ದೇನೆ. ದಿನದ ಕೆಲಸ ದಣಿಯದೆ ಮುಗಿಸಿ, ಸಂಜೆಗೂ ಶಕ್ತಿ ಉಳಿದಿರುವುದೇ ದೈಹಿಕ ಸಾಮರ್ಥ್ಯ ಎಂದು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದನ್ನು ನಿನ್ನೆ ಕಣ್ಣಾರೆ ಕಂಡೆ.

ಅವ್ವನಿಗೆ ಐವತ್ತೆರಡು ವರ್ಷ, ಮೂವತ್ತೆಂಟು ಕಿಲೋ ತೂಕ. ಎತ್ತರಕ್ಕೆ ತಕ್ಕ ತೂಕವಿಲ್ಲವೆಂದು ಎಸ್ಟೇಟಿನ ಡಾಕ್ಟರು ಆಕೆಯನ್ನು ಅನರ್ಹಳೆಂದು ಬರೆಯಲು ಹೊರಟಿದ್ದರು. ಬರೆದರೆ ಕಾಫಿ ಕೊಯ್ಲಿನ ಕೆಲಸ ಹೋದಂತೆಯೇ.

"ಮೂವತ್ತು ವರ್ಷದಿಂದ ಇಷ್ಟೇ ಇದ್ದೀನಲ್ಲ ಡಾಕ್ಟ್ರೇ, ಈಗ ಎಂಥ ಕಮ್ಮಿಯಾಯ್ತು? ನನ್ನ ಮಗಳು ಓದಿರೋದು ಇದನ್ನೇ. ಅವಳೇ ನೋಡಿ ಹೇಳ್ಲಿ" ಎಂದಳು ಅವ್ವ. ಡಾಕ್ಟರು ಒಪ್ಪಿದರು.

ಕಾಫಿ ಒಣಗಿಸುವ ಕಣದಲ್ಲಿ ನಮ್ಮ ಬೆಂಚಿನ ಪರೀಕ್ಷೆಯನ್ನೇ ಇಟ್ಟೆ. ಸೀಟಿಯ ಲೆಕ್ಕಕ್ಕೆ ಹತ್ತಿ ಇಳಿಯಬೇಕು, ಆಮೇಲೆ ನಾಡಿ ನೋಡಬೇಕು. ಅವ್ವ ಬೆಂಚು ಹತ್ತಿ, ಆ ಕಡೆ ಇಳಿದು ಮುಂದೆ ನಡೆದೇಬಿಟ್ಟಳು. ಹಿಂದಕ್ಕೆ ಇಳಿಯಬೇಕು ಎಂದೆ.

"ಗುಡ್ಡದಲ್ಲಿ ಯಾರೇ ಹಿಂದ್ ಹಿಂದಕ್ಕೆ ಇಳೀತಾರೆ? ಬೆನ್ನಿಗೆ ಕಣ್ಣುಂಟಾ ಮಾರಾಯ್ತಿ?"

ಜೊತೆಗೆ ಕೊಯ್ಯುವ ಮುತ್ತಮ್ಮ, "ಟೀಚರಮ್ಮ, ನಿಮ್ಮವ್ವನ್ನ ಏಡಿ ಮಾಡ್ತೀಯಾ?" ಎಂದು ಬಿದ್ದು ಬಿದ್ದು ನಕ್ಕಳು. ಅವ್ವ ಮೂರು ಸಲ ತಪ್ಪಿದಳು. ನಿಯಮದ ಪ್ರಕಾರ ಫೇಲು. ಹಾಗೆಂದು ಹೇಳಿದೆ.

ಅವ್ವ ನಮ್ಮನ್ನು ತೋಟದ ತಳಕ್ಕೆ ಕರೆದೊಯ್ದು, ಬೆಳಿಗ್ಗೆ ಕೊಯ್ದಿಟ್ಟ ಹಣ್ಣಿನ ಚೀಲವನ್ನು ತಲೆಗೇರಿಸಿ ಕಣದ ಕಡೆ ಹತ್ತತೊಡಗಿದಳು. ಹತ್ತು ನಿಮಿಷದ ಕಡಿದಾದ ಏರು. ಡಾಕ್ಟರು ಅರ್ಧ ದಾರಿಯಲ್ಲೇ ಸಿಲ್ವರ್ ಮರಕ್ಕೆ ಒರಗಿ ಕೂತರು. ಓಟದಲ್ಲಿ ಬಹುಮಾನ ಪಡೆದ ನಾನು ಬರಿಗೈಯಲ್ಲೂ ಹಿಂದೆ ಬಿದ್ದೆ.

ಮೇಲೆ ತೂಗಿದಾಗ ಚೀಲ ಮೂವತ್ತೊಂದು ಕಿಲೋ ಇತ್ತು. ಒಂದು ನಿಮಿಷ ಬಿಟ್ಟು ಅವ್ವನ ಮಣಿಕಟ್ಟು ಹಿಡಿದೆ. ಎಂಬತ್ತೆರಡು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಎಪ್ಪತ್ತಾರು. ನನ್ನದು ಇನ್ನೂ ನೂರ ಮೂವತ್ತರ ಮೇಲಿತ್ತು. ಕಡ್ಡಿಯಂಥ ಆ ಕೈಯೊಳಗೆ ಅಷ್ಟು ನಿಧಾನವಾಗಿ, ಅಷ್ಟು ಗಟ್ಟಿಯಾಗಿ ಬಡಿಯುತ್ತಿದ್ದ ನಾಡಿಯನ್ನು ಹಿಡಿದುಕೊಂಡು, ಗಡಿಯಾರ ನೋಡುವುದನ್ನೇ ಮರೆತು ನಿಂತೆ.

"ಬದುಕಿದ್ದೀನಾ?" ಎಂದು ಕೇಳಿದಳು.

ಏದುಸಿರು ಬಿಡುತ್ತ ಬಂದ ಡಾಕ್ಟರು ನಿಂತಲ್ಲೇ "ಅರ್ಹಳು" ಎಂದು ಬರೆದರು. ಇವತ್ತು ಬೆಳಿಗ್ಗೆ ನಾನು ಏಳುವ ಮೊದಲೇ ಅವ್ವ ಕೆಲಸಕ್ಕೆ ಹೋಗಿದ್ದಳು.

ನಿನ್ನ ಗೆಳತಿ,
ಶಾಂತಕುಮಾರಿ

ತಾ.ಕ.: ಅವ್ವನ ತೂಕ ನೋಡಿ ಎಂದು ಡಾಕ್ಟರಿಗೆ ಗುಟ್ಟಾಗಿ ಕಾಗದ ಬರೆದವಳು ನಾನೇ. ಕೆಲಸ ತಪ್ಪಿದರೆ ಚಿಕ್ಕಮಗಳೂರಿಗೆ ಬಂದು ನನ್ನ ಜೊತೆ ಇರುತ್ತಾಳೆಂದು ಆಸೆಯಿತ್ತು. ಬೆಂಚಿನ ಮೇಲೆ ಆಕೆ ತಪ್ಪಿದಾಗ ನನಗೆ ಸಂತೋಷವಾಗಿತ್ತು, ಕುಬ್ರಾ.