ಹದಿನಾಲ್ಕು ಹಸುಗಳ ಪರಿಹಾರ

ಭಾನುವಾರ, ಮಾರ್ಚ್ 14
ಬೆಳಗಿನ ಹಾಲು ಕರೆದ ಮೇಲೆ

ಪ್ರೀತಿಯ ಉದ್ದಣ್ಣಾ,

ಹೇಗಿದ್ದೀಯ ಎಂದು ಕೇಳಬೇಕಾಗಿಲ್ಲ. ಬೇಲಿಯಾಚೆ ನೀನು ಕೆಮ್ಮುವುದು ಇಲ್ಲಿಗೇ ಕೇಳಿಸುತ್ತದೆ. ನಿನ್ನೆಗಿಂತ ಇವತ್ತು ಕಡಿಮೆ. ಈ ಕಾಗದ ಬರೆಯಲು ನಾಲ್ಕು ತಿಂಗಳು ತಡಮಾಡಿದ್ದಕ್ಕೆ ಕ್ಷಮಿಸು. ನಲವತ್ತು ಹೆಜ್ಜೆ ದೂರದ ಮನೆಗೆ ಅಂಚೆಚೀಟಿ ಹಚ್ಚುವವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಏನು ಮಾಡಲಿ, ನಡುವಿನ ಗೇಟಿಗೆ ನೀನು ತಂತಿ ಸುತ್ತಿದ್ದೀಯ. ಅಂಚೆಯವನಿಗಾದರೆ ತಂತಿ ಹೊಸದಲ್ಲ.

ನನ್ನ ಆರು ಹಸುಗಳೂ ಚೆನ್ನಾಗಿವೆ. ನಿನ್ನ ಎಂಟು ಹಿಂದಿರುಗಿ ಹೋದ ಮೇಲೂ ಕೈಗೆ ಬುದ್ಧಿ ಬಂದಿಲ್ಲ. ಹದಿನಾಲ್ಕು ಕಡೆ ಮೇವು ಹಾಕಿ, ಆಮೇಲೆ ಎಂಟು ಕಡೆಯಿಂದ ಬಾಚಿ ತೆಗೆಯುತ್ತೇನೆ. ಒಂಟಿ ಮನುಷ್ಯನಿಗೆ ಒಳ್ಳೆಯ ವ್ಯಾಯಾಮ. ನಿಮ್ಮ 'ಮೇಡಂ' ಈಗಲೂ ಹಾಲಿನ ಹೊತ್ತಿಗೆ ಬೇಲಿಗೆ ಬಂದು, ತಡವಾಗಿ ಬಂದ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾಳೆ. ಐದು ವಾರ ನನ್ನ ಕೈಗೆ ಒಗ್ಗಿದವಳಲ್ಲವೇ! ನಿಮ್ಮ ಮನೆಯಲ್ಲಿ ನನ್ನೊಡನೆ ಮಾತು ಬಿಡದಿರುವುದು ಆ ಹಸು ಒಂದೇ.

ಮೊನ್ನೆ ಹಾಲಿನ ವ್ಯಾನಿನ ಡ್ರೈವರ್ ಕೇಳಿದ, "ಏನಣ್ಣಾ, ಕೊರೊನಾ ಪರಿಹಾರ ಜೋರಾಗೇ ಬಂತಂತೆ?"

"ಬಂತಪ್ಪಾ, ಪರಿಹಾರದ ಜೊತೆ ಪರಿಹಾಸ್ಯ ಫ್ರೀ," ಅಂದೆ.

ಅವನು ನಗಲಿಲ್ಲ. "ಪಾಪ, ಆಚೆ ಮನೆಯವ್ರಿಗೆ ಒಂದು ಹಸೂನೂ ಇಲ್ಲ ಅಂತ ಸರ್ಕಾರದವ್ರು ಬರ್ಕೊಂಡಿದಾರಂತೆ," ಅಂದವನೇ ಕ್ಯಾನು ಎತ್ತಿಕೊಂಡು ಹೋದ.

ನಡೆದದ್ದು ಇಷ್ಟು. ಹೋಟೆಲು, ಶಾಲೆ ಎಲ್ಲ ಮುಚ್ಚಿ ನಾವು ಹಾಲನ್ನು ಚರಂಡಿಗೆ ಸುರಿದೆವಲ್ಲ, ಅದಕ್ಕೆ ಸರ್ಕಾರ ಹಸುವಿಗಿಷ್ಟು ಎಂದು ಪರಿಹಾರ ಕೊಟ್ಟಿತು. ಎಣಿಸಲು ಅಧಿಕಾರಿ ಬಂದಾಗ ನೀನು ಆಸ್ಪತ್ರೆಯಲ್ಲಿದ್ದೆ. ನಿನ್ನ ಹೆಂಡತಿ ಮಕ್ಕಳು ಮನೆಯಿಂದ ಹೊರಬರುವಂತಿರಲಿಲ್ಲ. ನಿನ್ನ ಹಸುಗಳೆಲ್ಲ ನನ್ನ ಕೊಟ್ಟಿಗೆಯಲ್ಲಿ. ಆತ ಹತ್ತಡಿ ದೂರ ನಿಂತು, ಪೆನ್ನು ತೋರಿಸುತ್ತ ಬಾಲ ಎಣಿಸಿ, "ಎಲ್ಲಾ ನಿಮ್ಮವೇನಾ?" ಅಂದ. ನಾನು "ಹೂಂ ಸಾರ್" ಅಂದೆ. ಮಾಸ್ಕು, ಗಡಿಬಿಡಿ, ಹೊರಗೆ ಗುರುಗುಡುತ್ತಿದ್ದ ಜೀಪು. ಬಾಯಿ ಮುಚ್ಚಿಕೊಂಡೇ ಬಾಯಿ ತಪ್ಪಿದವನು ನಾನು.

ಹೋದ ವಾರ ಕಚೇರಿಯಿಂದ ತಿದ್ದುಪಡಿ ಅರ್ಜಿ ತಂದೆ. "ಇಬ್ರೂ ಸಹಿ ಹಾಕ್ಬೇಕು, ಈ ತಿಂಗಳೊಳಗೆ. ಅವರು ಹಾಕ್ತಾರಾ?" ಅಂತ ಗುಮಾಸ್ತೆ ಕೇಳಿದರು. ಕೇಳಿ ನೋಡುತ್ತೇನೆ ಅಂದೆ. ಕೇಳುತ್ತಿದ್ದೇನೆ. ನನ್ನ ಸಹಿ ಹಾಕಿ ಜೊತೆಗಿಟ್ಟಿದ್ದೇನೆ. ನಿನ್ನ ಎಂಟರ ದುಡ್ಡನ್ನು ನಾನು ಮುಟ್ಟಿಲ್ಲ.

ನಿನ್ನ ಹೆಂಡತಿ ನನ್ನನ್ನು ಅಣ್ಣಾ ಎನ್ನುವುದನ್ನು ಬಿಟ್ಟಿದ್ದಾಳೆ. ಆದರೂ ತಂಗಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಬಿಸಿನೀರು ಕುಡಿ. ಮೆಟ್ಟಿಲು ಹತ್ತಬೇಡ. ನನ್ನನ್ನು ಬೈಯುವುದಾದರೆ ಕೂತು ಬೈಯಿ, ನಿಂತರೆ ನಿನಗೆ ದಮ್ಮು ಸಾಲದು. ನೂರು ವರ್ಷ ಬೈಯುವಷ್ಟು ಉಸಿರು ನಿನಗಿರಲಿ.

ನಿನ್ನ
ಕುಳ್ಳ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಗಡಿಬಿಡಿ ಅಂದದ್ದು ಸುಳ್ಳು. ಅವತ್ತು ಬೆಳಿಗ್ಗೆ ತಂಗಿ ಫೋನ್ ಮಾಡಿ, "ಉಸಿರಾಟದ ಮೆಷಿನ್ನಿಗೆ ಹಾಕಿದಾರಣ್ಣಾ," ಅಂತ ಅತ್ತಳು. "ಏನೂ ಆಗಲ್ಲ, ಬರ್ತಾನೆ ಬಿಡಮ್ಮ," ಅಂದು ಫೋನಿಟ್ಟೆ. ಅದಾದ ಹತ್ತೇ ನಿಮಿಷಕ್ಕೆ ಅಧಿಕಾರಿ ಬಂದ. 'ಹೂಂ' ಅನ್ನುವಾಗ ನನಗೆ ಯಾವ ಗಾಬರಿಯೂ ಇರಲಿಲ್ಲ. ನೀನು ಇನ್ನು ಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ನೀನು ಮನೆಗೆ ಬಂದ ದಿನ ದಾರಿಯುದ್ದಕ್ಕೂ ಎಲ್ಲರೂ ಚಪ್ಪಾಳೆ ತಟ್ಟಿದರು. ಕುಳ್ಳ ಎಲ್ಲಿ ಅಂತ ಕೇಳಿದೆಯಂತೆ. ನಾನು ಕೊಟ್ಟಿಗೆಯಲ್ಲಿ, ಮೇಡಂ ಹಿಂದೆ, ನಿನ್ನ ಆಂಬುಲೆನ್ಸ್ ತಿರುಗಿ ಹೋಗುವವರೆಗೂ ಕೂತಿದ್ದೆ.