ಬಿಟ್ಟುಹೋದ ಎರಡಕ್ಷರ

ಸಪ್ತಾಪುರ, ಧಾರವಾಡ
ಶನಿವಾರ, ೯ ಮಾರ್ಚ್ ೧೯೬೮

ಪ್ರೀತಿಯ ಮಾರ್ತಾ,

‘ಕರ್ತನ ಹೆಸರಿನಲ್ಲಿ ವಂದನೆ’ ಎಂದು ಮೊದಲ ಸಾಲು ಬರೆದು ಹೊಡೆದು ಹಾಕಿದ್ದೇನೆ. ಮೇಲೆ ಕಾಣುವ ಮಸಿ ಅದರದೇ. ಆತನ ಹೆಸರನ್ನು ಮುಂದೆ ಮಾಡಿಕೊಂಡು ನಿನ್ನ ಬಾಗಿಲಿಗೆ ಬರುವುದು ಸರಿ ಅನಿಸಲಿಲ್ಲ. ಒಬ್ಬನೇ ಬಂದಿದ್ದೇನೆ. ಓದು.

ನಿನ್ನ ಕಾರ್ಡು ಮುಟ್ಟಿ ಹನ್ನೆರಡು ದಿವಸವಾಯಿತು. ನೀನು ತವರಿಗೆ ಹೋದ ಈ ಎಂಟು ತಿಂಗಳಲ್ಲಿ ಬರೆದದ್ದು ಅದೊಂದೇ, ಅದೂ ನಾಲ್ಕು ಸಾಲು, ಅದೂ ಎಲ್ಲರಿಗೂ ಕಾಣುವ ಕಾರ್ಡಿನ ಮೇಲೆ. ಬೆಟಗೇರಿಯಿಂದ ಇಲ್ಲಿಯವರೆಗೆ ಎಷ್ಟು ಮಂದಿ ಓದಿದರೋ. ನಮ್ಮ ಓಣಿಯ ಪೋಸ್ಟಮನ್ ಮುರುಗೆಪ್ಪ ಅಂತೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಕೈಯಲ್ಲಿ ಇಡುತ್ತ, “ಅಕ್ಕಾರು ಕಠಿಣ ಸವಾಲ ಹಾಕ್ಯಾರ ನೋಡ್ರಿ. ಏನ್ ಉತ್ತರಾ ಬರೀತೀರಿ?” ಎಂದ. ಅಂದಿನಿಂದ ದಿನಾಲು ಸೈಕಲ್ ನಿಲ್ಲಿಸಿ, “ಪೇಪರ್ ಬರದು ಮುಗೀತೇನ್ರಿ?” ಎಂದು ಕೇಳುತ್ತಾನೆ. ಮುಗಿದಿಲ್ಲ ಮಾರ್ತಾ. ಹತ್ತನೆಯ ಇಯತ್ತೆಯ ಗಣಿತದ ಪೇಪರಿನಲ್ಲೂ ನಾನು ಇಷ್ಟು ದಿನ ಪೆನ್ನು ಕಚ್ಚಿಕೊಂಡು ಕೂತಿರಲಿಲ್ಲ.

ನೀನು ಬರೆದದ್ದನ್ನು ಇದ್ದ ಹಾಗೆಯೇ ಇಲ್ಲಿ ಇಳಿಸುತ್ತೇನೆ: “ಕುಡಿಯೂದು ಬಿಟ್ಟೀರಿ ಅಂತ ಪಾದ್ರಿ ಅಯ್ಯನವರು ಅಪ್ಪಗ ಬರದಾರ. ಆಗಂಗಿಲ್ಲ ಅಂತ ಬಿಟ್ಟೀರೋ, ಒಲ್ಲೆ ಅಂತ ಬಿಟ್ಟೀರೋ? ಖರೆ ಬರೀರಿ. ನಾ ಬರೂದು ಬಿಡೂದು ಅದರ ಮ್ಯಾಲೆ.”

ಮೊದಲು ಛಾಪಖಾನೆಯ ಒಂದು ಸುದ್ದಿ ಹೇಳುತ್ತೇನೆ. ಮಾತು ತಪ್ಪಿಸುತ್ತಿದ್ದೇನೆ ಎಂದುಕೊಳ್ಳಬೇಡ. ಸುತ್ತಿ ಬಂದು ನಿನ್ನ ಸವಾಲಿನ ಮುಂದೆಯೇ ನಿಲ್ಲುತ್ತದೆ.

ಅಯ್ಯನವರು ರವಿವಾರದ ಸಾಲೆಯ ಮಕ್ಕಳಿಗಾಗಿ ಒಂದು ಸಣ್ಣ ಪ್ರಶ್ನೋತ್ತರ ಪುಸ್ತಕ ಬರೆದಿದ್ದಾರೆ. ಅದರ ಅಚ್ಚಿನ ಮೊಳೆ ಜೋಡಿಸುವ ಕೆಲಸ ನನಗೇ ಬಂತು. ನಿನ್ನ ಕಾರ್ಡು ಬಂದ ದಿನ ಹದಿನಾಲ್ಕನೆಯ ಪುಟ ನಡೆದಿತ್ತು. ಕಾರ್ಡು ಅಂಗಿಯ ಕಿಸೆಯಲ್ಲಿ, ನಾನು ಮೊಳೆಯ ಖಾನೆಗಳ ಮುಂದೆ. ಪ್ರಶ್ನೆ ಹೀಗಿತ್ತು: ‘ಪರಲೋಕದಲ್ಲಿರುವವರು ಪಾಪ ಮಾಡುತ್ತಾರೆಯೇ?’ ಅಯ್ಯನವರ ಉತ್ತರ: ‘ಇಲ್ಲ. ಅವರು ಪಾಪ ಮಾಡಲಾರರು.’ ನಾನು ಜೋಡಿಸಿದ್ದು: ‘ಇಲ್ಲ. ಅವರು ಪಾಪ ಮಾಡರು.’

ಎರಡೇ ಅಕ್ಷರ. ಒಂದು ಲಾ, ಒಂದು ರ. ಪ್ರೂಫು ನಾನು ನೋಡಿದೆ, ಅಯ್ಯನವರು ನೋಡಿದರು, ಯಾರ ಕಣ್ಣಿಗೂ ಬೀಳಲಿಲ್ಲ. ಐದುನೂರು ಪ್ರತಿ ಅಚ್ಚಾಗಿ ಹೊಲಿಗೆಯೂ ಮುಗಿದ ಮೇಲೆ, ಮೊನ್ನೆ ಗುರುವಾರ ಅಯ್ಯನವರು ಛತ್ರಿ ಹಿಡಿದುಕೊಂಡು ಛಾಪಖಾನೆಗೆ ಬಂದರು. ಬಿಸಿಲಿಗೆ ಹಿಡಿದ ಛತ್ರಿಯನ್ನು ಒಳಗೆ ಬಂದರೂ ಮಡಿಚಲಿಲ್ಲ, ಅಷ್ಟು ಸಿಟ್ಟು.

“ಏನಪಾ ಸಮಾಧಾನ, ಇದೇನು ಮಾಡಿ ಇಟ್ಟಿ? ಮಾಡಲಾರರು ಅಂದ್ರ ಅವರ ಕೈಲೆ ಆಗೂದಿಲ್ಲ ಅಂತ. ಮಾಡರು ಅಂದ್ರ ಆಗತೈತಿ, ಆದ್ರ ಮಾಡೂದಿಲ್ಲ ಅಂತ. ಆಕಾಶ ಭೂಮಿ ಫರಕ್ ಆತಲ್ಲೋ!” ಎಂದರು.

ಹೌದ್ರಿ ಎಂದು ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿರುವ ಚಟ ಇಲ್ಲ ಎಂಬುದು ನಿನಗೆ ಗೊತ್ತು. ಸೈತಾನನೂ ಮೊದಲು ಪರಲೋಕದಲ್ಲೇ ಇದ್ದನಲ್ಲ, ಅವನಿಗೆ ಅಲ್ಲಿ ಪಾಪ ಮಾಡಲು ಹೇಗೆ ಆಯಿತು ಎಂದು ಕೇಳಿದೆ. ಅಯ್ಯನವರು ಸ್ಟೂಲಿನ ಮೇಲೆ ಕೂತು, ಆಗ ಛತ್ರಿ ಮಡಿಚಿದರು.

“ಅಂವ ಬಿದ್ದದ್ದು ಬ್ಯಾರೆ ಮಾತು,” ಎಂದರು. “ನಮ್ಮ ಮಾತ ಕೇಳು. ದೇವರ ಮುಖ ಒಮ್ಮೆ ಕಣ್ಣಾರೆ ನೋಡಿದಾಂವ ಮತ್ತ ಪಾಪದ ಕಡೆ ಹೊಳ್ಳಿ ನೋಡ್ತಾನೇನು? ಹೋಳಿಗಿ ಉಂಡ ಎದ್ದಾಂವ ತಂಗಳ ರೊಟ್ಟಿ ಬೇಡ್ತಾನೇನು? ಮನಸ್ಸ ಬರೂದಿಲ್ಲಪಾ.”

“ಮನಸ್ಸ ಬರೂದಿಲ್ಲ ಅಂದ್ರ ಒಲ್ಲೆ ಅಂದಂಗ ಆತಲ್ರಿ. ಹಂಗಾರ ನನ್ನ ತಪ್ಪೇ ಖರೆ ಆತು,” ಎಂದೆ.

ಮಶೀನಿನ ಹತ್ತಿರ ಬಡೇಸಾಬ ಕಿಸಕ್ಕನೆ ನಕ್ಕ. ನಮ್ಮ ಅಚ್ಚು ತೆಗೆಯುವವನು ಅವನೇ, ನಿನ್ನ ತಂದೆಯ ವಯಸ್ಸು. ಅಯ್ಯನವರಿಗೂ ನಗು ಬಂದಿರಬೇಕು, ಕೆಮ್ಮಿದರು. ಆಮೇಲೆ ದಣಿದ ದನಿಯಲ್ಲಿ, “ಸಣ್ಣ ಹುಡುಗರಿಗೆ ಇಷ್ಟೆಲ್ಲಾ ಬ್ಯಾಡೋ. ತಿದ್ದುಪಡಿ ಚೀಟಿ ಹೊಡದು ಹಚ್ಚಿ ಕೊಡು,” ಎಂದು ಹೊರಟುಹೋದರು.

ಅವರು ಹೋದ ಮೇಲೆ ಬಡೇಸಾಬ ಕೇಳಿದ: “ಏನೋ, ನಿಮ್ಮ ಸ್ವರ್ಗದಾಗ ದಾರೂಬಂದಿ ಇನ್ನೂ ತಗದಿಲ್ಲೇನು? ನಮ್ಮ ಜಿಲ್ಲಾದಾಗ ಹೋದ ವರ್ಷ ತಗದ್ರು!” ನಾನು, ಅಲ್ಲಿ ಕುಡಿಯುವ ಮನಸ್ಸೇ ಇರುವುದಿಲ್ಲವಂತೆ ಎಂದೆ. ಅವನು ಕೈ ಒರೆಸಿಕೊಳ್ಳುತ್ತ, “ದಾರೂಬಂದಿ ಇದ್ದಾಗ ಊರಾಗಿನ ಮಂದಿ ಎಲ್ಲಾ ಸಂಭಾವಿತರು. ಯಾರು ಖರೇ ಸಂಭಾವಿತರು ಅಂತ ಗೊತ್ತಾದದ್ದು ಸಾರಾಯಿ ಅಂಗಡಿ ತಗದ ಮ್ಯಾಲೆ,” ಎಂದ. ತಮಾಷೆಗೆ ಅಂದದ್ದು. ಅವತ್ತು ಊಟದ ಹೊತ್ತಿನಲ್ಲಿ ನಾನು ರೊಟ್ಟಿಯ ಗಂಟು ಬಿಚ್ಚಲಿಲ್ಲ.

ಯಾಕೆಂದರೆ ಆ ಅಂಗಡಿ ನನ್ನ ದಾರಿಯಲ್ಲೇ ಇದೆ ಮಾರ್ತಾ. ಛಾಪಖಾನೆಗೂ ನನ್ನ ಬಾಡಿಗೆಯ ಖೋಲಿಗೂ ನಡುವೆ. ಮೊದಲು ಕಳ್ಳಭಟ್ಟಿಗೆ ಹಳ್ಳದ ದಂಡೆಗೆ ಹೋಗಬೇಕಾಗಿತ್ತು, ಪೊಲೀಸರ ಹೆದರಿಕೆ ಇತ್ತು. ಈಗ ಹಗಲು ಹೊತ್ತಿನಲ್ಲೇ ಬೋರ್ಡು ಹಾಕಿಕೊಂಡು ಕೂತಿದೆ. ಹುಬ್ಬಳ್ಳಿಯ ವರ್ಕಶಾಪಿನಲ್ಲಿ ನನ್ನ ಜೊತೆಗಿದ್ದ ಫಕೀರಪ್ಪ ಈಗ ಇಲ್ಲೇ ಇದ್ದಾನೆ. ವಾರಕ್ಕೆ ಎರಡು ಸಲ ಆ ಬಾಗಿಲಲ್ಲಿ ಸಿಗುತ್ತಾನೆ, ಕೈ ಹಿಡಿದು ಜಗ್ಗುತ್ತಾನೆ.

ಮೊದಲ ಸಲ ಅವನಿಗೆ, “ಆಗಂಗಿಲ್ಲೋ, ಔಷಧ ತೊಗೊಂಡೇನಿ” ಎಂದೆ. ಸುಳ್ಳು. ಎರಡನೆಯ ಸಲ, “ಆಗಂಗಿಲ್ಲೋ, ಪಾದ್ರಿ ಅಯ್ಯನವರ ಮುಂದ ಆಣಿ ಮಾಡೇನಿ” ಎಂದೆ. ಮೂರನೆಯ ಸಲ, ಮನೆಯ ಮಾಲಕಿ ಶೇವಂತೆವ್ವ ಹೊರಗೆ ಹಾಕುತ್ತಾಳೆ ಎಂದೆ. ಅದು ಖರೆಯೇ. ಆ ಮುದುಕಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಾಳೆ, ಒಳಗೆ ಬರುವಾಗ ಮೂಗು ಏರಿಸಿ ನೋಡುತ್ತಾಳೆ. ಸರಕಾರ ತೆಗೆದ ದಾರೂಬಂದಿಯನ್ನು ಅವಳು ಮೂಗಿನಿಂದಲೇ ನಡೆಸಿದ್ದಾಳೆ.

ನಾಲ್ಕನೆಯ ಸಲ ಫಕೀರಪ್ಪ ನನ್ನ ಕೈ ಬಿಟ್ಟ. ನಗುತ್ತ, “ಲೇ ಸಮಾಧಾನ, ನೀ ಒಮ್ಮೆನೂ ಒಲ್ಲೆ ಅಂದಿಲ್ಲ ನೋಡು. ಇರಲಿ, ಔಷಧ ಮುಗದ ಮ್ಯಾಲೆ ಬಾ. ಈ ಅಂಗಡಿ ಎಲ್ಲೂ ಓಡಿ ಹೋಗೂದಿಲ್ಲ,” ಎಂದ.

ಹೀಗಾಗಿ ನಿನ್ನ ಸವಾಲಿಗೆ ಉತ್ತರ ಇದು. ಜುಲೈದಿಂದ ಒಂದು ಹನಿ ಮುಟ್ಟಿಲ್ಲ, ಅದು ಖರೆ. ಆದರೆ ‘ಒಲ್ಲೆ’ ಎಂಬ ಮಾತು ನನ್ನ ಬಾಯಿಂದ ಇನ್ನೂ ಹೊರಟಿಲ್ಲ, ಅದೂ ಖರೆ. ಸುತ್ತಲೂ ಬೇಲಿ ಹಾಕಿದ್ದಾರೆ, ನಾನು ಬೇಲಿಯೊಳಗೆ ಒಳ್ಳೆಯವನಾಗಿದ್ದೇನೆ. ನಡುವೆ ಒಂದು ದಿನ ಆ ಬಾಗಿಲಿನ ಎದುರಿನ ಕಟ್ಟೆಯ ಮೇಲೆ ಅರ್ಧ ತಾಸು ಕೂತಿದ್ದೆ. ಒಳಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನನ್ನನ್ನು ಕೇಳಿದರೆ, ಎದ್ದು ನಡೆಯುವುದಕ್ಕೂ ಬೇಸರ ಬಂದಿತ್ತು ಎಂದು ಹೇಳಬೇಕಾಗುತ್ತದೆ. ಅದನ್ನು ನಿನ್ನ ಮುಂದೆ ಪುಣ್ಯ ಎಂದು ತೋರಿಸಲು ನಾಚಿಕೆ.

ಆ ಎರಡಕ್ಷರ ಹೇಗೆ ಬಿಟ್ಟುಹೋದವು ಎಂದು ಬಹಳ ಯೋಚಿಸಿದೆ. ಕೈ ಬಿಟ್ಟಿತೋ, ಮನಸ್ಸು ಬಿಟ್ಟಿತೋ ತಿಳಿಯದು. ಆದರೆ ನನಗೆ ಪರಲೋಕ ಬೇಕು ಎನಿಸುವುದು ಆ ತಪ್ಪಿನಲ್ಲಿದ್ದ ಹಾಗೆ ಇದ್ದರೆ ಮಾತ್ರ. ಕೈಕಾಲು ಕಟ್ಟಿ ಒಳ್ಳೆಯವರನ್ನಾಗಿ ಕೂಡ್ರಿಸುವ ಊರಾದರೆ, ಅಲ್ಲಿ ನೀನು ನನ್ನನ್ನು ಕಂಡು ನಕ್ಕರೂ ನನಗೆ ಅನುಮಾನ ಬರುತ್ತದೆ. ಇವಳು ನಗುತ್ತಿದ್ದಾಳೋ, ಸಿಟ್ಟಾಗಲು ಇವಳಿಗೆ ಆಗುವುದಿಲ್ಲವೋ ಎಂದು. ನೀನು ಸಿಟ್ಟಾಗಬಲ್ಲೆ, ಆದರೂ ನಗುತ್ತೀ ಎಂದರೆ ಅದು ಬೇರೆ. ಅಂಥ ನಗು ನಮ್ಮ ಮದುವೆಯ ಮೊದಲ ವರ್ಷ ನೋಡಿದ್ದೇನೆ. ದುರ್ಗದಬೈಲಿನ ಬಟ್ಟೆ ಅಂಗಡಿಯ ಕೆಲಸ ಮೂರನೆಯ ತಿಂಗಳಿಗೇ ಬಿಟ್ಟು ಬಂದಾಗ ನೀನು, “ಸಮಾಧಾನ ಅಂತ ಹೆಸರಿಟ್ಟವರನ್ನ ಹುಡುಕಿ ತರ್ರಿ ಮೊದಲ” ಎಂದು ನಕ್ಕಿದ್ದೆ.

ಇನ್ನೊಂದು ಮಾತು. ಇದನ್ನು ಬರೆಯದೆ ಹೋದರೆ ಮೇಲಿನದೆಲ್ಲ ವ್ಯರ್ಥ. ನಿನ್ನ ಎಡಗೈ ಮುರಿದದ್ದು. ನೀರಿನ ಕಲ್ಲಿನ ಮೇಲೆ ಜಾರಿ ಬಿದ್ದಳು ಎಂದು ಡಾಕ್ಟರಿಗೆ ಹೇಳಿದ್ದು ನಾನು. ನಿನ್ನ ತಂದೆಗೂ, ಅಯ್ಯನವರಿಗೂ ಹಾಗೆಯೇ ಹೇಳಿದೆ. ನೀನು ಅಲ್ಲಗಳೆಯಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನೀನು ಜಾರಲಿಲ್ಲ. ನಾನು ನೂಕಿದೆ. ಕುಡಿದಿದ್ದೆ, ತಿಳಿಯಲಿಲ್ಲ ಎಂದು ನಿನ್ನೆದುರು ಅತ್ತೆನಲ್ಲ, ಅದೂ ಸುಳ್ಳು. ತಿಳಿದಿತ್ತು. ಕೈ ಎತ್ತಿದಾಗ ಇಳಿಸಬಹುದು ಎಂದೂ ತಿಳಿದಿತ್ತು. ಸಾರಾಯಿ ನನ್ನ ಕೈ ಹಿಡಿದು ನೂಕಿಸಲಿಲ್ಲ. ಆಗ ನನಗೆ ಸ್ವಾತಂತ್ರ್ಯ ಇತ್ತು ಮಾರ್ತಾ, ಅದನ್ನು ನೂಕುವುದಕ್ಕೆ ಉಪಯೋಗಿಸಿದೆ. ಈಗ ಕೈ ನೆಟ್ಟಗಾಗಿದೆಯೋ? ಮಗ್ಗದ ಮುಂದೆ ಕೂಡಲು ಆಗುತ್ತದೆಯೋ? ಕೇಳುವ ಮುಖ ಇಲ್ಲ, ಆದರೂ ಕೇಳಿದ್ದೇನೆ.

ನಿನ್ನೆ ಅಯ್ಯನವರು ಮತ್ತೆ ಕರೆಸಿಕೊಂಡರು. ನಿನ್ನ ತಂದೆಗೆ ಬರೆದ ಒಂದು ಲಕೋಟೆ ನನ್ನ ಕೈಗೆ ಕೊಟ್ಟರು. ಅದರಲ್ಲಿ ಏನಿದೆ ಎಂದು ಅವರೇ ಹೇಳಿದರು. ಮಾರ್ತಾ ಈಸ್ಟರ್ ಹಬ್ಬದೊಳಗೆ ಗಂಡನ ಮನೆಗೆ ಬರಬೇಕು, ಬರದೆ ಹೋದರೆ ಬೆಟಗೇರಿಯ ಚರ್ಚಿನ ಸಭೆಯಲ್ಲಿ ಅವಳನ್ನು ಪವಿತ್ರ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಕೂಡ್ರಿಸುವುದಿಲ್ಲ ಎಂದು ಬರೆದಿದ್ದಾರಂತೆ. ಅವರ ಮನಸ್ಸು ಕೆಟ್ಟದ್ದಲ್ಲ. ಹೆಗಲ ಮೇಲೆ ಕೈಯಿಟ್ಟು, “ನಿನ್ನ ಸಂಸಾರ ಕಟ್ಟೂ ಸಲುವಾಗಿ ಬರದೇನಪಾ. ನಿನ್ನ ಪತ್ರದ ಜೋಡಿನೇ ಟಪಾಲಿಗೆ ಹಾಕು, ಎರಡೂ ಕೂಡಿ ಮುಟ್ಟಲಿ,” ಎಂದರು. ಛಾಪಖಾನೆಯ ಕೆಲಸ ಅವರು ಕೊಡಿಸಿದ್ದು, ಖೋಲಿ ಅವರು ಕೊಡಿಸಿದ್ದು. ಹೂಂ ಎಂದು ಇಸಿದುಕೊಂಡು ಬಂದೆ.

ನಿನ್ನ ತಂದೆ ಅಯ್ಯನವರ ಮಾತು ಮೀರುವವರಲ್ಲ. ಆ ಲಕೋಟೆ ಮುಟ್ಟಿದ ಮರುದಿನವೇ ಟ್ರಂಕು ಕಟ್ಟಿ ನಿನ್ನನ್ನು ಗಾಡಿ ಹತ್ತಿಸುತ್ತಾರೆ. ನೀನು ಬರುತ್ತೀ. ರೊಟ್ಟಿ ಬಡಿಯುತ್ತೀ. ನಾನು ಮಾತಾಡಿಸಿದರೆ ಮಾತಾಡುತ್ತೀ. ಎಲ್ಲವೂ ಸರಿಯಾಗಿರುತ್ತದೆ. ಖರೆ ಹೇಳುತ್ತೇನೆ, ನಿನ್ನೆ ಸಂಜೆಯೆಲ್ಲ ಅದನ್ನೇ ಕಣ್ಣ ಮುಂದೆ ತಂದುಕೊಂಡು ಸುಖಪಟ್ಟೆ. ಒಬ್ಬನೇ ಇದ್ದು ಸಾಕಾಗಿದೆ.

ಬಾ ಎಂದು ಬರೆಯಬೇಕೆಂದು ಇಷ್ಟು ದೂರ ಬಂದೆ. ಈಗ ಆ ಮಾತು ಕೈಯಿಂದ ಇಳಿಯುತ್ತಿಲ್ಲ. ನಿನ್ನ ಸವಾಲಿಗೆ ಖರೆ ಉತ್ತರ ಬರೆದಿದ್ದೇನೆ, ಅದು ಛಲೋ ಉತ್ತರ ಅಲ್ಲ. ಬರುವುದು ಬಿಡುವುದು ಅದರ ಮೇಲೆ ಎಂದು ನೀನೇ ಹೇಳಿದ್ದೀ. ಮಾವನವರಿಗೂ ಅತ್ತೆಯವರಿಗೂ ನನ್ನ ವಂದನೆ ಹೇಳು. ಬೇಡ ಎನಿಸಿದರೆ ಹೇಳಬೇಡ.

ದಣಿದ ಕೈಯ,
ಸಮಾಧಾನ

ತಾ.ಕ.: ಇದನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ತಡೆದುಕೋ. ಎರಡೂ ಲಕೋಟೆ ಕೈಯಲ್ಲಿವೆ. ನನ್ನದೊಂದನ್ನೇ ಪೆಟ್ಟಿಗೆಗೆ ಹಾಕುತ್ತೇನೆ. ಅಯ್ಯನವರದು ಕಿಸೆಗೆ ಹೋಗುತ್ತದೆ. ನಾಳೆ ರವಿವಾರ, ಆರಾಧನೆ ಮುಗಿದ ಮೇಲೆ ಯಾಕೆ ಹಾಕಲಿಲ್ಲ ಎಂದು ಅವರು ಕೇಳುತ್ತಾರೆ. ಮರೆತೆ ಎನ್ನಬಹುದು. ಹೊತ್ತಾಗಿತ್ತು, ಆಗಲಿಲ್ಲರಿ ಎನ್ನಬಹುದು, ನಂಬುತ್ತಾರೆ. ಕಚೇರಿ ಮುಚ್ಚಲು ಇನ್ನೂ ಅರ್ಧ ತಾಸು ಇದೆ, ಪೆಟ್ಟಿಗೆ ಕೈಗೆ ಎಟಕುವಷ್ಟು ಹತ್ತಿರ ಇದೆ. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕೇ ಲಕೋಟೆಯನ್ನು ತಿರುಗಿ ಅವರ ಕೈಗೇ ಕೊಡುತ್ತೇನೆ. ಏನು ಹೇಳಬೇಕೆಂದು ಇಲ್ಲಿ ಕೂತು ಮೆಲ್ಲಗೆ ಬಾಯಲ್ಲಿ ಅಂದು ನೋಡುತ್ತಿದ್ದೇನೆ, ಹೋಗಿಬರುವವರು ನನ್ನನ್ನು ನೋಡುತ್ತಿದ್ದಾರೆ. “ಹಾಕಾಕ ಒಲ್ಲೆರೀ, ಅಯ್ಯನವರ.”